ಬೀದರ್ ಥಂಡಿ, ಒಂದೂವರೆ ವರ್ಷದ ಕೂಸು: ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತಿದೆ?

ಬೀದರ್ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂದೂವರೆ ವರ್ಷ. ನಡೆಯಲು ಕಲಿತ ಮೇಲೆ ಇದೇ ಅವಳ ಮೊದಲ ಚಳಿಗಾಲ. ಹೋದ ವರ್ಷ ಹೊದಿಸಿದಲ್ಲೇ ಮಲಗಿರುತ್ತಿದ್ದಳು. ಈಗ ಸಾಕ್ಸ್ ಹಾಕಿದರೆ ಕಿತ್ತು ಎಸೆಯುತ್ತಾಳೆ. ಟೋಪಿ ಕಂಡರೆ ಅಳು. ಬರಿಗಾಲಲ್ಲೇ ಫರ್ಸಿ ಮೇಲೆ ಓಡಾಟ. ಬೆಳಗಿನ ಜಾವ ಶಹಾಬಾದ್ ಕಲ್ಲು ಎಷ್ಟು ತಣ್ಣಗಿರುತ್ತದೆ ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಎಲ್ಲರದೂ ಒಂದೊಂದು ಮಾತು. ಅತ್ತೆಯವರು ಸ್ವೆಟರ್ ಮೇಲೆ ಸ್ವೆಟರ್ ಹಾಕು ಅನ್ನುತ್ತಾರೆ. ಹನ್ನೆರಡು ಗಂಟೆಗೆ ನೋಡಿದರೆ ಕೂಸಿನ ಬೆನ್ನು ಬೆವರಿನಿಂದ ಒದ್ದೆ. ಸ್ವೆಟರ್ ತೆಗೆದರೆ "ಥಂಡಿ ಹಿಡೀತದ" ಅಂತ ಬೈಗುಳ. ಸ್ನಾನ ದಿನಾ ಮಾಡಿಸಬೇಕೋ ಬೇಡವೋ, ರಾತ್ರಿ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಡಬಹುದೋ ಇಲ್ಲವೋ, ಎಲ್ಲಕ್ಕೂ ವಾದ. ಚಿಕ್ಕ ಮಕ್ಕಳಿರುವವರು ನಿಮ್ಮ ಮನೆಯ ರೂಢಿ ಹೇಳಿ. ಬೆಂಗಳೂರಿನವರ ಸಲಹೆ ಸಾಕಷ್ಟು ಓದಿದ್ದೇನೆ. ಅವರ ಚಳಿ ಬೇರೆ, ನಮ್ಮದು ಬೇರೆ.

ಕಲಬುರಗಿ ಅಪ್ಪ

ಕೊನೆಯ ಮಾತು ನೂರಕ್ಕೆ ನೂರು ನಿಜ. ನಮ್ಮಲ್ಲಿ ಚಳಿಗಾಲದ ಒಂದೇ ದಿನದಲ್ಲಿ ಎರಡು ಕಾಲ ಇರುತ್ತವೆ. ಸಮುದ್ರ ದೂರ, ಗಾಳಿ ಒಣ, ಆಕಾಶದಲ್ಲಿ ಮೋಡ ಇಲ್ಲ. ಹಗಲು ಕಾದ ನೆಲ ರಾತ್ರಿ ಬೇಗ ಆರುತ್ತದೆ. ಬೆಳಿಗ್ಗೆ 12–13 ಡಿಗ್ರಿ ಇದ್ದದ್ದು ಮಧ್ಯಾಹ್ನ 28 ದಾಟುತ್ತದೆ. ಬೀದರ್ ಪ್ರಸ್ಥಭೂಮಿಯ ಮೇಲಿದೆ, 600 ಮೀಟರ್‌ಗಿಂತ ಎತ್ತರ. ಅದಕ್ಕೇ ನಮಗಿಂತ ನಿಮಗೆ ಥಂಡಿ ಜಾಸ್ತಿ. ಯಾದಗಿರಿಯವರು ನಮಗಿಂತಲೂ ಕೆಳಗೆ, ಅಲ್ಲಿ ಇನ್ನೂ ಸ್ವಲ್ಪ ಬೆಚ್ಚಗೆ.

ಹಾಗಾಗಿ ಬಟ್ಟೆಯನ್ನು ಗಡಿಯಾರ ನೋಡಿ ಬದಲಿಸಬೇಕು, ತಿಂಗಳು ನೋಡಿ ಅಲ್ಲ. ನಮ್ಮ ಮಗನಿಗೆ ಎರಡು ವರ್ಷ. ಒಳಗೆ ತೆಳು ಹತ್ತಿ ಬನಿಯನ್, ಅದರ ಮೇಲೆ ಉದ್ದ ತೋಳಿನ ಹತ್ತಿ ಅಂಗಿ, ಮೇಲೆ ಮುಂದಿನಿಂದ ಗುಂಡಿ ಬಿಚ್ಚುವ ಸ್ವೆಟರ್. ಬಿಸಿಲೇರಿದಂತೆ ಒಂದೊಂದೇ ತೆಗೆಯುತ್ತೇವೆ. ಸಂಜೆ ಐದೂವರೆ ಆದಮೇಲೆ ಮತ್ತೆ ಒಂದೊಂದೇ ಹಾಕುತ್ತೇವೆ. ತಲೆಯ ಮೇಲಿಂದ ಎಳೆದು ಹಾಕುವ ಸ್ವೆಟರ್ ಈ ವಯಸ್ಸಿಗೆ ಬೇಡ. ತೆಗೆಯುವಾಗ ಅಳು, ಹಾಕುವಾಗ ಅಳು, ಕೊನೆಗೆ ಯಾರೂ ತೆಗೆಯುವುದೇ ಇಲ್ಲ. ಕೂಸು ಬೆವರುತ್ತಾ ಇರುತ್ತದೆ.

ಕೈ ಕಾಲು ಮುಟ್ಟಿ ಥಂಡಿ ಅಳೆಯಬೇಡಿ. ಮಕ್ಕಳ ಅಂಗೈ, ಅಂಗಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕತ್ತಿನ ಹಿಂದೆ ಅಥವಾ ಬೆನ್ನಿಗೆ ಬೆರಳು ಇಟ್ಟು ನೋಡಿ. ಅಲ್ಲಿ ಬೆಚ್ಚಗಿದ್ದು ಒಣಗಿದ್ದರೆ ಬಟ್ಟೆ ಸರಿ ಇದೆ ಅಂತ ಅರ್ಥ.

ಶಹಾಪುರದ ಅಜ್ಜಿ

ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಟೋಪಿ ಕಿತ್ತು ಹಾಕುವ ಕೂಸಿಗೆ ಕುಂಚಿಗೆ ಹಾಕಿ ನೋಡವ್ವ. ತಲೆಯಿಂದ ಬೆನ್ನಿನವರೆಗೆ ಒಂದೇ ಬಟ್ಟೆ. ಹಿಂದೆ ಇಳಿಬಿದ್ದಿರುತ್ತದೆ, ಕೈಗೆ ಸಿಗುವುದಿಲ್ಲ. ಹಳೆಯ ಇಳಕಲ್ ಸೀರೆ ಅಥವಾ ಖಣದ ತುಂಡು ಇದ್ದರೆ ಒಂದು ಮಧ್ಯಾಹ್ನದಲ್ಲಿ ಹೊಲಿಯಬಹುದು. ಒಳಗೆ ಮೆತ್ತನೆಯ ಹಳೆ ಧೋತರ ಕೊಡಬೇಕು, ಇಲ್ಲದಿದ್ದರೆ ಕೆನ್ನೆಗೆ ಚುಚ್ಚುತ್ತದೆ. ಗದ್ದದ ಕೆಳಗೆ ಉದ್ದ ದಾರ ಇಡಬೇಡ. ಓಡಾಡುವ ಕೂಸು ಎಲ್ಲಾದರೂ ಸಿಕ್ಕಿಸಿಕೊಳ್ಳುತ್ತದೆ. ಚಿಕ್ಕ ಗುಂಡಿ ಸಾಕು. ಮಲಗುವಾಗ ಬಿಚ್ಚಿಡು.

ಫರ್ಸಿ ಮೇಲೆ ಕೌದಿ ಹಾಸು. ಅಂಗಡಿಯ ರಬ್ಬರ್ ಚಾಪೆಗಿಂತ ಛಲೋ. ಮಡಚಿ ಹಾಸಿದರೆ ಮೊಣಕಾಲಿಗೂ ಮೆತ್ತಗೆ. ಎರಡು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ ಝಾಡಿಸಬೇಕು.

ಸ್ನಾನಕ್ಕೆ ಬೆಳಗಿನ ಹೊತ್ತು ಯಾಕೆ ಬೇಕು? ಹನ್ನೊಂದು ಗಂಟೆಗೆ ಅಂಗಳದಲ್ಲಿ ಬಿಸಿಲು ಬಿದ್ದಾಗ ಎಣ್ಣೆ ತಿಕ್ಕಿ ಎರಡು ತಂಬಿಗೆ ಹಾಕಿ ಎತ್ತಿಕೊಂಡರೆ ಆಯಿತು. ನಮ್ಮಲ್ಲಿ ಕುಸುಬಿ ಎಣ್ಣೆ ತಿಕ್ಕುತ್ತೇವೆ. ಬೆಚ್ಚಗೆ ಮಾಡಬೇಕು, ಬಿಸಿ ಅಲ್ಲ. ಕಿವಿಗೆ, ಮೂಗಿಗೆ ಬಿಡುತ್ತಿದ್ದರು ಮೊದಲು. ಈಗ ಬೇಡ ಅನ್ನುತ್ತಾರೆ. ನಾನೂ ಬಿಡುವುದಿಲ್ಲ.

ಯಾದಗಿರಿ ನರ್ಸ್

ಅಜ್ಜಿಯವರ ಸ್ನಾನದ ಹೊತ್ತು ಬಹಳ ಸರಿಯಾದ ಮಾತು. ಕೊಬ್ಬರಿ ಎಣ್ಣೆ ಹಚ್ಚುವವರೂ ಹಚ್ಚಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ ಅಷ್ಟೇ, ಕೆಟ್ಟಿರುವುದಿಲ್ಲ. ಬಟ್ಟಲನ್ನು ಬಿಸಿ ನೀರಲ್ಲಿ ಇಟ್ಟರೆ ಕರಗುತ್ತದೆ. ನಮ್ಮ ಒಣಗಾಳಿಗೆ ಮಕ್ಕಳ ಕೆನ್ನೆ ಒಡೆದು ಕೆಂಪಾಗುತ್ತದೆ. ಸ್ನಾನ ಆದ ಕೂಡಲೇ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಬೇಕು.

ಈಗ ಶೇಗಡಿ ವಿಷಯ. ದಯವಿಟ್ಟು ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದೇ ಹಿಡಿದುಬಿಡುತ್ತದೆ. ಮಲಗಿದವರು ಮಲಗಿದಲ್ಲೇ ಪ್ರಜ್ಞೆ ತಪ್ಪುತ್ತಾರೆ. ಹೊಗೆ ಕಾಣುತ್ತಿಲ್ಲ, ಕೆಂಡ ಮಾತ್ರ ಇದೆ, ಹಾಗಾಗಿ ಏನೂ ಆಗಲ್ಲ ಅಂತ ಬಹಳ ಜನ ನಂಬಿದ್ದಾರೆ. ಕೆಂಡದಿಂದಲೇ ಅದು ಬರುವುದು. ಮಕ್ಕಳ ಉಸಿರಾಟ ವೇಗವಾಗಿರುವುದರಿಂದ ಅವರಿಗೆ ಬೇಗ ಏರುತ್ತದೆ. ಬೆಂಕಿ ಕಾಯಿಸಬೇಕಾದರೆ ಅಂಗಳದಲ್ಲಿ ಕಾಯಿಸಿ. ಒಳಗೆ ಬರುವಾಗ ಶೇಗಡಿ ಹೊರಗೇ ಇರಲಿ.

ಹುಮನಾಬಾದ್ ಓದುಗ

ಗ್ಯಾಸ್ ಗೀಸರ್‌ಗೂ ಇದೇ ಮಾತು ಸೇರಿಸಿ. ಬಚ್ಚಲಮನೆಯ ಒಳಗೆ, ಗವಾಕ್ಷಿ ಇಲ್ಲದ ಕಡೆ ಹಾಕಿಸಿರುತ್ತಾರೆ. ಥಂಡಿ ಅಂತ ಬಾಗಿಲು, ಕಿಟಕಿ ಎಲ್ಲ ಹಾಕಿಕೊಂಡು ಕೂಸಿಗೆ ಸ್ನಾನ ಮಾಡಿಸುತ್ತಾರೆ. ಅಲ್ಲೂ ಅದೇ ವಿಷಗಾಳಿ. ಗೀಸರ್ ಹೊರಗೆ ಇರಬೇಕು, ಪೈಪು ಮಾತ್ರ ಒಳಗೆ ಬರಬೇಕು.

ಇನ್ನು ಬಕೆಟ್‌ಗೆ ಹಾಕುವ ಕರೆಂಟ್ ರಾಡ್. ನಡೆಯುವ ಕೂಸು ಇರುವ ಮನೆಯಲ್ಲಿ ಅದು ಇರಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೇರೆ ದಾರಿ ಇಲ್ಲ ಅನ್ನುವವರು ಬಚ್ಚಲ ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆ ಮಾತ್ರ ನೀರು ಮುಟ್ಟಿ. ನೀರು ಹದ ಮಾಡುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಉಲ್ಟಾ ಮಾಡಿದರೆ, ತಣ್ಣೀರು ತರಲು ಹೋದ ಅರ್ಧ ನಿಮಿಷದಲ್ಲಿ ಕೂಸು ಕೈ ಅದ್ದಿರುತ್ತದೆ.

ಯಾದಗಿರಿ ನರ್ಸ್

ಒಳ್ಳೆಯ ಮಾತು. ಒಂದು ವೇಳೆ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಮಸಿ, ಐಸ್ ಯಾವುದೂ ಬೇಡ. ಆಮೇಲೆ ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ ದವಾಖಾನೆಗೆ ಹೊರಡಿ.

ಸೇಡಂ ಸೊಸೆ

ನಮ್ಮ ಮನೆಯಲ್ಲಿ ಜಗಳ ಲೋಬಾನದ್ದು. ಸ್ನಾನ ಆದಮೇಲೆ ಕೂಸಿನ ತಲೆ ಒಣಗಿಸಲು ಕೆಂಡದ ಮೇಲೆ ಲೋಬಾನ ಹಾಕಿ ಬುಟ್ಟಿ ಮುಚ್ಚಿ, ಅದರ ಮೇಲೆ ಕೂಸನ್ನು ಹಿಡಿಯುವುದು ಅತ್ತೆಯವರ ಪದ್ಧತಿ. ಅವರು ಅವರ ಆರು ಮಕ್ಕಳನ್ನೂ ಹಾಗೇ ಬೆಳೆಸಿದವರು. ನನ್ನ ಮಗನಿಗೆ ಮಾತ್ರ ಹೊಗೆ ಆಗುವುದಿಲ್ಲ. ಎದೆಯಲ್ಲಿ ಸುಂಯ್ ಅನ್ನುವ ಶಬ್ದ ಶುರುವಾಗುತ್ತದೆ. ಬೇಡ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದರು.

ಡಾಕ್ಟರ್ ಹತ್ತಿರ ಅವರನ್ನೇ ಕರೆದುಕೊಂಡು ಹೋದೆ. ಡಾಕ್ಟರ್ ಅವರ ಕಿವಿಗೇ ಸ್ಟೆತಸ್ಕೋಪ್ ಇಟ್ಟು ಮೊಮ್ಮಗನ ಎದೆ ಕೇಳಿಸಿದರು. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಈಗ ಲೋಬಾನ ಸಂಜೆ ದೇವರ ಮುಂದೆ, ಬಾಗಿಲು ತೆರೆದಿಟ್ಟು, ಕೂಸು ಅಂಗಳದಲ್ಲಿ ಇರುವಾಗ. ತಲೆ ಒಣಗಿಸಲು ಬಿಸಿಲು ಮತ್ತು ಹಳೆ ಹತ್ತಿ ಪಂಚೆ. ಅತ್ತೆಯವರೇ ಒರೆಸುತ್ತಾರೆ. ಹಿರಿಯರಿಗೆ ಬೇಡ ಅನ್ನುವುದಕ್ಕಿಂತ ಬೇರೆ ಕೆಲಸ ಕೊಡುವುದು ಒಳ್ಳೆಯದು ಅನ್ನಿಸುತ್ತದೆ. ಅವರಿಗೂ ಕೂಸಿನ ಮೇಲೆ ಪ್ರೀತಿ, ನಮಗೂ ಪ್ರೀತಿ, ಅಲ್ವಾ?

ಬೀದರ್ ತಾಯಿ

ಸ್ಟೆತಸ್ಕೋಪ್ ವಿಷಯ ಓದಿ ಕಣ್ಣು ತುಂಬಿತು. ಶೇಗಡಿ ಇವತ್ತೇ ಹಿತ್ತಲಿಗೆ ಹೋಗುತ್ತದೆ.

ಇನ್ನೊಂದು ಕೇಳಬೇಕು. ನೆಗಡಿ ಬಂದರೆ ಏನು ಮಾಡುತ್ತೀರಿ? ನಮ್ಮಲ್ಲಿ ಕರ್ಪೂರ ಹಾಕಿ ಕಾಯಿಸಿದ ಎಣ್ಣೆ ಎದೆಗೆ ಹಚ್ಚುತ್ತಾರೆ. ಪಕ್ಕದ ಮನೆಯವರು ಕೆಮ್ಮಿನ ಸಿರಪ್ ಬಾಟಲಿ ಕೊಟ್ಟು ಹೋಗಿದ್ದಾರೆ, ಅವರ ಮಗನಿಗೆ ಬರೆದುಕೊಟ್ಟದ್ದು.

ಯಾದಗಿರಿ ನರ್ಸ್

ಸಿರಪ್ ವಾಪಸ್ ಕೊಟ್ಟುಬಿಡಿ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದಿಂದ ಎಲ್ಲ ರಾಜ್ಯಗಳಿಗೂ ಸೂಚನೆ ಬಂದಿದೆ. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿ ಔಷಧಿ ಬರೆಯಬಾರದು, ಕೊಡಬಾರದು. 5 ವರ್ಷದೊಳಗೆ ಕೂಡ ಸಾಮಾನ್ಯವಾಗಿ ಬೇಡ. ಮಧ್ಯಪ್ರದೇಶದಲ್ಲಿ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡ ಸಮಯದಲ್ಲೇ ಈ ಸೂಚನೆ ಬಂದದ್ದು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸಿಕ್ಕಿತ್ತು. ಸಿರಪ್ ಶುದ್ಧವಾಗಿದ್ದರೂ ಈ ವಯಸ್ಸಿಗೆ ಅದರಿಂದ ಉಪಯೋಗ ಕಡಿಮೆ, ಅಪಾಯ ಜಾಸ್ತಿ. ನೆಗಡಿ ವೈರಸ್‌ನಿಂದ ಬರುತ್ತದೆ, ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ.

ಕರ್ಪೂರ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ. ಹೊಟ್ಟೆಗೆ ಹೋದರೆ ಸ್ವಲ್ಪ ಪ್ರಮಾಣಕ್ಕೂ ಫಿಟ್ಸ್ ಬರುತ್ತದೆ. ಈ ವಯಸ್ಸಿನ ಕೂಸು ಎದೆಗೆ ಹಚ್ಚಿದ್ದನ್ನು ಕೈಯಿಂದ ಒರೆಸಿ ಬಾಯಿಗೆ ಇಟ್ಟುಕೊಳ್ಳುತ್ತದೆ. ದೇವರ ಮನೆಯ ಕರ್ಪೂರದ ಡಬ್ಬಿ ಕೂಡ ಮೇಲೆ ಇಡಿ. ಬಿಳಿ ಬಿಲ್ಲೆ ಅವರಿಗೆ ಪೆಪ್ಪರ್‌ಮಿಂಟ್ ಥರ ಕಾಣುತ್ತದೆ.

ಮೂಗು ಕಟ್ಟಿದರೆ ಅಂಗಡಿಯಲ್ಲಿ ಸಿಗುವ ಸಲೈನ್ ಹನಿ ಸಾಕು. ಊಟಕ್ಕೆ ಮೊದಲು, ಮಲಗುವ ಮೊದಲು ಒಂದೆರಡು ಹನಿ. ಎದೆಹಾಲು ಬಿಡಿಸಬೇಡಿ. ಬೆಚ್ಚಗಿನ ತೊಗರಿ ಬೇಳೆ ಕಟ್ಟು, ನೀರು, ಏನು ಕುಡಿಯುತ್ತದೋ ಅದು ಪದೇ ಪದೇ ಕೊಡಿ. ವರ್ಷ ತುಂಬಿದ ಕೂಸಿಗೆ ಜೇನು ಸ್ವಲ್ಪ ಕೊಡಬಹುದು. ವರ್ಷದೊಳಗಿನ ಕೂಸಿಗೆ ಜೇನು ನಾಲಿಗೆಗೂ ಹಚ್ಚಬಾರದು, ಬಾಟ್ಯುಲಿಸಂ ಅನ್ನುವ ಕೆಟ್ಟ ರೋಗ ಬರಬಹುದು.

ಇದಕ್ಕಿಂತ ಮುಖ್ಯವಾದದ್ದು ಉಸಿರು ಎಣಿಸುವುದು. ಎಲ್ಲ ತಾಯಂದಿರೂ ಇದನ್ನು ಕಲಿಯಬೇಕು ಅಂತ ನನ್ನ ಆಸೆ. ಕೂಸು ಶಾಂತವಾಗಿ ಅಥವಾ ನಿದ್ದೆಯಲ್ಲಿ ಇರುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ. 1ರಿಂದ 5 ವರ್ಷದ ಮಕ್ಕಳಲ್ಲಿ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. 2 ತಿಂಗಳಿಂದ 1 ವರ್ಷದೊಳಗೆ ಆ ಲೆಕ್ಕ 50. ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಏನೂ ಕುಡಿಯದಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ.

ಪಕ್ಕೆ ಹಾರುತ್ತಿದೆ ಅಂತ ಹೊಟ್ಟೆಗೆ ಬರೆ ಹಾಕಿಸುವುದು ಹಳ್ಳಿಗಳಲ್ಲಿ ಅಲ್ಲಲ್ಲಿ ಇನ್ನೂ ಇದೆ. ಅದು ನ್ಯುಮೋನಿಯಾ. ಸುಟ್ಟ ಗಾಯದಿಂದ ಅದು ಹೋಗುವುದಿಲ್ಲ, ಚಿಕಿತ್ಸೆ ತಡವಾಗುತ್ತದೆ ಅಷ್ಟೇ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಲಸಿಕೆ ಕಾರ್ಡ್ ತೆಗೆದು ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಉಚಿತ. 6 ವಾರ, 14 ವಾರ, 9 ತಿಂಗಳಿಗೆ ಹಾಕುತ್ತಾರೆ. ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಶಹಾಪುರದ ಅಜ್ಜಿ

ಬರೆಯ ಮಾತು ಸರಿ ಹೇಳಿದಿ ಮಗಳೇ. ನಮ್ಮ ಓಣಿಯಲ್ಲಿ ಹಾಕಿಸಿಕೊಂಡವರ ಹೊಟ್ಟೆಯ ಮೇಲೆ ಗುರುತು ಇನ್ನೂ ಇವೆ.

ಭಾಲ್ಕಿ ಮೇಷ್ಟ್ರು

ಇಲ್ಲಿಯವರೆಗೆ ಬರೀ ಹೆದರಿಕೆಯ ಮಾತಾಯಿತು. ಚಳಿಗಾಲ ನಮ್ಮ ಭಾಗದ ಅತ್ಯಂತ ಚಂದದ ಕಾಲ, ಅದನ್ನೂ ಹೇಳೋಣ. ತೊಗರಿ ರಾಶಿ ಆಗುವ ಹೊತ್ತು. ಹೊಲದಲ್ಲಿ ಕಡಲೆ, ಜೋಳ ಹಸಿರು. ಎಳ್ಳ ಅಮಾವಾಸ್ಯೆಗೆ ಇಡೀ ಊರೇ ಹೊಲದಲ್ಲಿ ಇರುತ್ತದೆ. ಕೂಸು ಚಿಕ್ಕದು, ಥಂಡಿ ಇದೆ ಅಂತ ಮನೆಯಲ್ಲಿ ಬಿಟ್ಟು ಬರುವವರನ್ನು ನೋಡಿದರೆ ನನಗೆ ಬೇಸರ. ಹತ್ತು ಗಂಟೆಯ ಮೇಲೆ ಹೊರಡಿ, ಬಿಸಿಲು ಇಳಿಯುವ ಮೊದಲು ಮನೆಗೆ ಬನ್ನಿ. ಹೊಲಕ್ಕೆ ಎಡೆ ಎರಚಿ ಚರಗ ಚೆಲ್ಲುವುದನ್ನು, ಎತ್ತಿನ ಕೊರಳ ಗಂಟೆಯನ್ನು ಅದು ಯಾವಾಗ ನೋಡಬೇಕು?

ಊಟಕ್ಕೂ ಅಲ್ಲಿ ಬೇಕಾದ್ದೆಲ್ಲ ಇರುತ್ತದೆ. ಭಜ್ಜಿ ಪಲ್ಯದಲ್ಲಿ ಹಸಿ ಕಡಲೆ, ತೊಗರಿ, ಅವರೆ, ಸೊಪ್ಪು, ತರಕಾರಿ ಎಲ್ಲ ಬೆಂದಿರುತ್ತದೆ. ಖಾರ ಹಾಕುವ ಮೊದಲು ಕೂಸಿಗೆ ಒಂದು ಬಟ್ಟಲು ತೆಗೆದಿಟ್ಟು ಕೈಯಿಂದ ಹಿಸುಕಿ. ಸಜ್ಜೆ ರೊಟ್ಟಿಯನ್ನು ಬಿಸಿ ಇರುವಾಗಲೇ ತುಪ್ಪ ಹಾಕಿ ಪುಡಿ ಮಾಡಿ ಹಾಲಲ್ಲಿ ನೆನೆಸಿ. ಜೋಳದ ಅಂಬಲಿ ಅಂತೂ ಈ ವಯಸ್ಸಿಗೆ ಬಹಳ ಒಳ್ಳೆಯದು.

ಒಂದು ಎಚ್ಚರ ಮಾತ್ರ ಬೇಕು. ಇಡೀ ಶೇಂಗಾ, ಸುಲಗಾಯಿ (ಹಸಿ ಕಡಲೆ) ಕಾಳು, ಸೀತನಿ (ಎಳೆ ಜೋಳ) ಕಾಳು, ಕಬ್ಬಿನ ತುಂಡು ಇವನ್ನು ಕೈಗೆ ಕೊಡಬೇಡಿ. ಸಂಕ್ರಾಂತಿಗೆ ಮಕ್ಕಳ ತಲೆ ಮೇಲಿಂದ ಹಣ್ಣು ಎರೆಯುವಾಗ ಬಾರಿ (ಎಲಚಿ) ಹಣ್ಣು ನೆಲದ ತುಂಬ ಬೀಳುತ್ತವೆ. ದೊಡ್ಡ ಮಕ್ಕಳು ಆರಿಸಿಕೊಳ್ಳುವ ಗದ್ದಲದಲ್ಲಿ ಚಿಕ್ಕದು ಒಂದನ್ನು ಬೀಜ ಸಮೇತ ಬಾಯಿಗೆ ಹಾಕಿಕೊಂಡಿರುತ್ತದೆ. ಎರೆಯಲು ಚುರುಮುರಿ, ಹೂವಿನ ಎಸಳು ಹಾಕಿ. ಬಾರಿ ಹಣ್ಣು ತಟ್ಟೆಯಲ್ಲಿ ಇರಲಿ.

ಯಾದಗಿರಿ ನರ್ಸ್

ಮೇಷ್ಟ್ರೇ, ಇದಕ್ಕೆ ಒಂದು ಸೇರಿಸುತ್ತೇನೆ. ಗಂಟಲಲ್ಲಿ ಸಿಕ್ಕಿ ಕೂಸಿಗೆ ಶಬ್ದವೇ ಬರದಿದ್ದರೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮುಂದಕ್ಕೆ ಬಗ್ಗಿಸಿ ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಿರಿ. ಬರದಿದ್ದರೆ, ವರ್ಷ ಮೀರಿದ ಕೂಸಾದರೆ, ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲ್ಗಡೆ ಮುಷ್ಟಿ ಇಟ್ಟು ಒಳಗೂ ಮೇಲಕ್ಕೂ 5 ಸಲ ಒತ್ತಬೇಕು. ಹೊರಬರುವವರೆಗೆ ಎರಡನ್ನೂ ಒಂದಾದಮೇಲೆ ಒಂದು ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ.

ಕಲಬುರಗಿ ಅಪ್ಪ

ನನ್ನ ಪ್ರಕಾರ ಚಳಿಗಾಲದಲ್ಲಿ ಕಷ್ಟ ಇರುವುದು ಸಂಜೆಗೆ. ಆರು ಗಂಟೆಗೆ ಕತ್ತಲು, ಬಾಗಿಲು ಹಾಕಿ ಕೂತರೆ ಒಂಬತ್ತರವರೆಗೆ ಕೂಸನ್ನು ಏನು ಮಾಡುವುದು? ಎಲ್ಲರ ಕೈಯಲ್ಲೂ ಮೊಬೈಲ್. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ.

ನಮ್ಮ ಮನೆಯಲ್ಲಿ ಸಂಜೆ ಅಂದರೆ ತೊಗರಿ ಕಾಯಿಯ ಬುಟ್ಟಿ. ಅಮ್ಮ ಸುಲಿಯುತ್ತಾರೆ, ಮಗ ಸಿಪ್ಪೆಯನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕುತ್ತಾನೆ. ಕಾಳು ಅಮ್ಮನ ಮಡಿಲಲ್ಲಿ ಸುರಕ್ಷಿತ. ರೊಟ್ಟಿ ಬಡಿಯುವಾಗ ಅವನಿಗೂ ಒಂದು ಉಂಡೆ ಹಿಟ್ಟು ಕೊಡುತ್ತಾರೆ, ಒಲೆಯಿಂದ ದೂರ ಕೂರಿಸಿ. ಕೌದಿಯ ಮೇಲಿನ ತುಂಡು ಬಟ್ಟೆಗಳಲ್ಲಿ ಕೆಂಪು ಎಲ್ಲಿ, ಹಸಿರು ಎಲ್ಲಿ ಅಂತ ಹುಡುಕುವುದು ಅವನ ಇಷ್ಟದ ಆಟ.

ಹಗಲು ಹತ್ತರಿಂದ ನಾಲ್ಕರವರೆಗೆ ಹೊರಗೇ ಇರಲಿ. ನಾವು ಭಾನುವಾರ ಅಪ್ಪನ ಕೆರೆ ದಂಡೆಗೋ ಪಬ್ಲಿಕ್ ಗಾರ್ಡನ್‌ಗೋ ಹೋಗುತ್ತೇವೆ. ಬೀದರ್‌ನವರಿಗೆ ಕೋಟೆಯ ಒಳಗಿನ ಹುಲ್ಲಿನ ಬಯಲು ಇದೆ. ಮೇಲೆ ಏರ್‌ಫೋರ್ಸ್ ವಿಮಾನ ಬೇರೆ! ಕೂಸಿಗೆ ಇನ್ನೇನು ಬೇಕು? ಹೊರಗಿನ ಗಾಳಿಯಿಂದ ನೆಗಡಿ ಬರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಮ್ಮುವವರ ಪಕ್ಕ ಕೂರಿಸಿದರೆ ಬರುತ್ತದೆ. ರಾತ್ರಿಯೂ ಕಿಟಕಿ ಸ್ವಲ್ಪ ತೆರೆದಿರಲಿ.

ಸೇಡಂ ಸೊಸೆ

ಕಿಟಕಿ ವಿಷಯಕ್ಕೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಜನವರಿಯಲ್ಲಿ ನೇರ ಗಾಳಿ ಹಾಸಿಗೆಗೆ ಬಡಿಯುವಂತೆ ತೆರೆದರೆ ದೊಡ್ಡವರಿಗೇ ನಿದ್ದೆ ಬರಲ್ಲ. ನಾವು ಹಾಸಿಗೆಯ ಎದುರಿನ ಗೋಡೆಯ ಮೇಲ್ಗಡೆ ಇರುವ ಗವಾಕ್ಷಿ ತೆರೆದಿಡುತ್ತೇವೆ. ಸೊಳ್ಳೆ ಜಾಲಿ ಇದೆ. ಗಾಳಿ ಆಡುತ್ತದೆ, ಮೈಗೆ ಹೊಡೆಯುವುದಿಲ್ಲ. ರಾತ್ರಿ ಹೊದಿಕೆ ಒದೆಯುವ ಮಕ್ಕಳಿಗೆ ಕಾಲು ಮುಚ್ಚುವ ಪೈಜಾಮ ಹಾಕಿಬಿಡಿ. ಆಗ ಹೊದಿಕೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ದಪ್ಪ ಕೌದಿ ಕೂಸಿನ ಮೇಲೆ ಬೇಡ, ಭಾರ ಜಾಸ್ತಿ.

ಕಲಬುರಗಿ ಅಪ್ಪ

ಗವಾಕ್ಷಿ ನನ್ನ ಮಾತಿಗಿಂತ ಒಳ್ಳೆಯದು. ಒಪ್ಪಿದೆ.

ಬೀದರ್ ತಾಯಿ

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಯವರಿಗೆ ಪೂರ್ತಿ ಓದಿ ಹೇಳಿದೆ. ಕುಂಚಿಗೆಯ ಮಾತು ಬಂದ ಕೂಡಲೇ ಟ್ರಂಕ್ ತೆಗೆದು ಹಳೆ ಖಣ ಹುಡುಕುತ್ತಿದ್ದಾರೆ. ಉಸಿರು ಎಣಿಸುವುದನ್ನು ನಾನೂ ಅವರೂ ಕೂಸು ಮಲಗಿದಾಗ ಕಲಿತೆವು.

ಕೊನೆಯ ಪ್ರಶ್ನೆ. ಎಳ್ಳ ಅಮಾವಾಸ್ಯೆಗೆ ತವರಿಗೆ ಕಲಬುರಗಿಗೆ ಬರಬೇಕು. ಬಸ್ ಒಳ್ಳೆಯದೋ ರೈಲೋ?

ಹುಮನಾಬಾದ್ ಓದುಗ

ರೈಲು. 2017ರಲ್ಲಿ ನಮ್ಮೂರ ಮೇಲಿಂದ ಕಲಬುರಗಿಗೆ ಹಳಿ ಆದಮೇಲೆ ಕೂಸು ಇರುವವರಿಗೆ ಬಹಳ ಅನುಕೂಲ ಆಗಿದೆ. ಎದ್ದು ಓಡಾಡಬಹುದು, ಬಟ್ಟೆ ಬದಲಿಸಬಹುದು. ಬೆಳಗಿನ ಜಾವದ್ದು ಬಿಟ್ಟು ಬಿಸಿಲೇರಿದ ಮೇಲಿನ ಗಾಡಿ ನೋಡಿ. ಸಮಯ ಬದಲಾಗುತ್ತಿರುತ್ತದೆ, ಹಿಂದಿನ ದಿನ ಒಮ್ಮೆ ವಿಚಾರಿಸಿ. ಕಿಟಕಿ ಪಕ್ಕ ನೀವು ಕೂತು ಕೂಸನ್ನು ಒಳಗಡೆ ಕೂರಿಸಿ. ಫ್ಲಾಸ್ಕ್‌ನಲ್ಲಿ ಬಿಸಿನೀರು, ಮೆತ್ತನೆಯ ರೊಟ್ಟಿ, ಒಂದು ಜೊತೆ ಹೆಚ್ಚಿನ ಸಾಕ್ಸ್ ಇಟ್ಟುಕೊಳ್ಳಿ. ಹೇಗೂ ಒಂದನ್ನು ಎಸೆಯುತ್ತಾಳೆ.